ಆರು ಮಂದಿಯ ಮನೆಗೆ ಐದೂವರೆ ಲಕ್ಷದೊಳಗಿನ ಗಾಡಿ

ಪ್ರಶ್ನೆ: ನಾವು ಧಾರವಾಡದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನನ್ನ ನೌಕರಿ ಹುಬ್ಬಳ್ಳಿಯಲ್ಲಿ. ದಿನಾಲೂ ಚಿಗರಿ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮನೆಯಲ್ಲಿ 2013ರ ಆಲ್ಟೊ 800 ಇದೆ, 92 ಸಾವಿರ ಕಿ.ಮೀ. ಓಡಿದೆ. ಮಗಳಿಗೆ ಐದು ವರ್ಷ, ಎರಡನೆಯ ಕೂಸಿಗೆ ನಾಲ್ಕು ತಿಂಗಳು. ಮುಂಡರಗಿ ಹತ್ತಿರದ ಊರಿನಲ್ಲಿದ್ದ ಅಪ್ಪ, ಅವ್ವ ಈಗ ನಮ್ಮ ಜೊತೆಗೇ ಇರಲು ಬಂದಿದ್ದಾರೆ. ಹೊಲ ಅಲ್ಲಿಯೇ ಇರುವುದರಿಂದ ತಿಂಗಳಿಗೆ ಎರಡು ಸಲವಾದರೂ ಎಲ್ಲರೂ ಊರಿಗೆ ಹೋಗಬೇಕಾಗುತ್ತದೆ. ಅವ್ವನಿಗೆ ಮೊಣಕಾಲು ನೋವು. ಕೈಯಲ್ಲಿ ಎರಡು ಲಕ್ಷ ಇದೆ, ಸಾಲವೂ ಸೇರಿ ಒಟ್ಟು ಐದೂವರೆ ಲಕ್ಷ ದಾಟಬಾರದು. ಗೆಳೆಯರು ಏಳು ಸೀಟಿನ ಹಳೆಯ ಡೀಸೆಲ್ ಎರ್ಟಿಗಾ ತಗೊಳ್ಳಿ ಎನ್ನುತ್ತಾರೆ. ಮಾವನವರು ಚಿಕ್ಕದಾದರೂ ಹೊಸ ಗಾಡಿಯೇ ಇರಲಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಪತ್ರದಲ್ಲಿ ನೀವು ಡೀಸೆಲ್ಲಿನ ವಿಷಯವನ್ನೂ ಹೊಸತು, ಹಳತರ ವಿಷಯವನ್ನೂ ಮುಖ್ಯ ಪ್ರಶ್ನೆಯಾಗಿ ಕೇಳಿದ್ದೀರಿ. ನಿಮ್ಮ ಗಾಡಿಯನ್ನು ನಿರ್ಧರಿಸುವ ಸಂಗತಿಗಳು ಮಾತ್ರ ಬೇರೆ ಎರಡು, ಅವನ್ನು ನೀವು ಹೋಗುತ್ತ ಹೋಗುತ್ತ ಹೇಳಿ ಮುಗಿಸಿದ್ದೀರಿ: ಅವ್ವನ ಮೊಣಕಾಲು ಮತ್ತು ಕೂಸಿನ ನಾಲ್ಕು ತಿಂಗಳು. ಏಳು ಸೀಟಿನ ಗಾಡಿ ಎಂದು ಬರೆದುಕೊಂಡ ಮಾತ್ರಕ್ಕೆ ಅದರಲ್ಲಿ ನಿಮ್ಮ ಮನೆಯ ಆರು ಮಂದಿ ಕೂರುತ್ತಾರೆ ಎಂದಲ್ಲ. ಯಾರು ಯಾವ ಸೀಟಿನಲ್ಲಿ ಕೂರುತ್ತಾರೆ, ಅಲ್ಲಿಗೆ ಹೇಗೆ ಹತ್ತುತ್ತಾರೆ, ಹೇಗೆ ಇಳಿಯುತ್ತಾರೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದರೆ, ಅರ್ಧದಷ್ಟು ಗಾಡಿಗಳು ತಾವಾಗಿಯೇ ಪಟ್ಟಿಯಿಂದ ಉದುರಿಹೋಗುತ್ತವೆ.

ಮೊದಲು ಕೂಸಿನಿಂದ ಆರಂಭಿಸೋಣ. ನಮ್ಮ ಕಡೆ ಕೂಸು ಅಜ್ಜಿಯ ತೊಡೆಯ ಮೇಲೆ ಇರುವುದೇ ರೂಢಿ, ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ ಎಂಬ ನಂಬಿಕೆಯೂ ಇದೆ. ಆದರೆ 50 ಕಿ.ಮೀ. ವೇಗದಲ್ಲಿ ಗಾಡಿ ಎಲ್ಲಿಗಾದರೂ ಗುದ್ದಿದರೆ ಎಷ್ಟೇ ಗಟ್ಟಿ ಕೈಯಾದರೂ ಆರು ಕಿಲೋ ತೂಕದ ಕೂಸನ್ನು ಹಿಡಿದು ನಿಲ್ಲಿಸಲಾರದು. ಮಕ್ಕಳ ಸೀಟನ್ನು ಹಿಂದಿನ ಸಾಲಿನಲ್ಲಿಯೇ ಕಟ್ಟಬೇಕು. ಕೂಸಿನ ಮುಖ ಗಾಡಿಯ ಹಿಂಬದಿಗೆ ಇರುವಂತೆ, ಕನಿಷ್ಠ 15 ತಿಂಗಳು ತುಂಬುವವರೆಗೆ ಹಾಗೆಯೇ ಇರಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಅದನ್ನು ಎಂದಿಗೂ ಇಡಬಾರದು. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯೂ 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ ಎನ್ನುತ್ತದೆ. ಮಕ್ಕಳ ಸೀಟು ಒಬ್ಬ ದೊಡ್ಡ ಮನುಷ್ಯನಷ್ಟೇ ಅಗಲದ ಜಾಗ ತಿನ್ನುತ್ತದೆ. ಆದ್ದರಿಂದ ಲೆಕ್ಕದಲ್ಲಿ ಕೂಸು ಕೂಡ ಪೂರ್ತಿ ಒಂದು ಸೀಟು. ನಿಮ್ಮದು ಐದೂವರೆ ಮಂದಿಯ ಮನೆಯಲ್ಲ, ಆರು ಮಂದಿಯ ಮನೆ.

ಇನ್ನು ಅವ್ವ. ಆಲ್ಟೊದಲ್ಲಿ ಕೂರುವುದೆಂದರೆ ಮಣೆಯ ಮೇಲೆ ಕೂತಂತೆ ಕೆಳಕ್ಕೆ ಇಳಿಯಬೇಕು. ಏಳುವಾಗ ಇಡೀ ಭಾರ ಮೊಣಕಾಲಿನ ಮೇಲೆ ಬೀಳುತ್ತದೆ. ಬೊಲೆರೊದಂಥ ಗಾಡಿಯಲ್ಲಿ ಇದಕ್ಕೆ ತಿರುಗಾಮುರುಗಾ, ಕಾಲನ್ನು ಮೇಲೆತ್ತಿ ಹತ್ತಬೇಕು. ಇವೆರಡರ ನಡುವಿನ ಎತ್ತರ ಬೇಕು: ಬಾಗಿಲು ತೆರೆದು ನಿಂತಾಗ ಸೀಟು ತೊಡೆಯ ಮೇಲ್ಭಾಗಕ್ಕೆ ಬರಬೇಕು, ಬೆನ್ನು ತಿರುಗಿಸಿ ಹಾಗೆಯೇ ಕೂತು, ಆಮೇಲೆ ಎರಡೂ ಕಾಲನ್ನು ಒಳಗೆ ಎಳೆದುಕೊಳ್ಳುವಂತಿರಬೇಕು. ಸೀರೆ ಉಟ್ಟ ಹಿರಿಯರು ಗಾಡಿ ಏರುವುದೇ ಹೀಗೆ. ಇದನ್ನು ಅಳತೆಪಟ್ಟಿಯಿಂದ ತಿಳಿಯಲಾಗದು. ಗಾಡಿ ನೋಡಲು ಹೋಗುವಾಗ ಅವ್ವನನ್ನು ಕರೆದುಕೊಂಡು ಹೋಗಿ, ಮೂರು ಸಲ ಹತ್ತಿ ಇಳಿಯಲಿ. ಒಮ್ಮೆ ಗೋಕುಲ ರಸ್ತೆಯ ಕಡೆ ಒಂದು ಕುಟುಂಬದ ಜೊತೆ ಗಾಡಿ ನೋಡಲು ಹೋಗಿದ್ದೆ. ಇಂಜಿನ್, ಟೈರು, ಕಾಗದ ಎಲ್ಲವೂ ನನಗೆ ಒಪ್ಪಿಗೆಯಾಗಿತ್ತು. ಮುಂಗಡ ಕೊಡುವ ಹೊತ್ತಿಗೆ ಜೊತೆಗೆ ಬಂದಿದ್ದ ಅಜ್ಜಿ ಹಿಂದಿನ ಬಾಗಿಲಿನಿಂದ ಏರಲು ಹೋಗಿ, ಚೌಕಟ್ಟಿಗೆ ತಲೆ ಬಡಿಸಿಕೊಂಡು, ‘ಇದು ನನಗ ಒಲ್ಲೆ’ ಎಂದು ಹೊರಗೆ ನಿಂತುಬಿಟ್ಟರು. ಅಂದಿನ ವ್ಯವಹಾರ ಅಲ್ಲಿಗೇ ಮುಗಿಯಿತು. ಆ ಅಜ್ಜಿಯ ತೀರ್ಮಾನ ನನ್ನದಕ್ಕಿಂತ ಸರಿಯಾಗಿತ್ತು.

ಹಾಗಾದರೆ ಮೂರು ಸಾಲಿನ ಗಾಡಿಯಲ್ಲಿ ನಿಮ್ಮ ಆರು ಮಂದಿಯನ್ನು ಕೂರಿಸಿ ನೋಡೋಣ. ಮುಂದೆ ಗಾಡಿ ಓಡಿಸುವ ನೀವು, ಪಕ್ಕದಲ್ಲಿ ಅವ್ವ; ಹತ್ತಿ ಇಳಿಯಲು ಎಲ್ಲ ಗಾಡಿಯಲ್ಲೂ ಸುಲಭವಾದ ಜಾಗ ಅದೇ. ನಡುವಿನ ಸಾಲಿನಲ್ಲಿ ಕೂಸಿನ ಸೀಟು, ಅದರ ಪಕ್ಕದಲ್ಲಿ ಕೂಸಿನ ತಾಯಿ. ಉಳಿದವರು ಅಪ್ಪ ಮತ್ತು ಮಗಳು. ಇವರಲ್ಲಿ ಒಬ್ಬರು ನಡುವಿನ ಸಾಲಿಗೆ, ಇನ್ನೊಬ್ಬರು ಮೂರನೆಯ ಸಾಲಿಗೆ. ಅಥವಾ ಇಬ್ಬರೂ ಹಿಂದೆ. ಇಲ್ಲಿಯೇ ಯಾರೂ ಹೇಳದ ಒಂದು ತೊಡಕಿದೆ. ಮೂರನೆಯ ಸಾಲಿಗೆ ಹೋಗಬೇಕಾದರೆ ನಡುವಿನ ಸಾಲಿನ ಒಂದು ಸೀಟನ್ನು ಮಡಚಬೇಕು. ಆ ಸೀಟಿನ ಮೇಲೆಯೇ ಕೂಸಿನ ಸೀಟನ್ನು ಕಟ್ಟಿದ್ದರೆ ಅದು ಮಡಚುವುದಿಲ್ಲ, ಹಿಂದಿನ ಸಾಲು ಇದ್ದೂ ಇಲ್ಲದಂತಾಗುತ್ತದೆ. ಆದ್ದರಿಂದ ಕೂಸಿನ ಸೀಟು ಚಾಲಕನ ಬೆನ್ನಿನ ಹಿಂದೆ, ಬಲಗಡೆ ಇರಲಿ. ಎಡಗಡೆಯ ಸೀಟು ಮಡಚಿ ದಾರಿ ಬಿಡುವಂತಿರಲಿ. ಹಾಗಾದರೆ ಹತ್ತಿ ಇಳಿಯುವುದೂ ರಸ್ತೆಯ ಅಂಚಿನ ಕಡೆಯೇ ಆಗುತ್ತದೆ. ನೀವು ನೋಡುವ ಗಾಡಿಯಲ್ಲಿ ಯಾವ ಸೀಟು ಮಡಚುತ್ತದೆ, ಒಂದೇ ಕೈಯಲ್ಲಿ ಮಡಚುತ್ತದೆಯೋ ಇಲ್ಲವೋ ಎಂಬುದನ್ನು ಸ್ಥಳದಲ್ಲೇ ಮಾಡಿ ನೋಡಿ. ಮಕ್ಕಳ ಸೀಟನ್ನು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿ ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ. ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಬೆರಳು ಹಾಕಿದರೆ ಕಬ್ಬಿಣದ ಕೊಂಡಿ ತಗಲಬೇಕು. ಇಲ್ಲದಿದ್ದರೆ ಮೂರು ಬಿಂದುಗಳ ಬೆಲ್ಟಿನಿಂದಲೇ ಕಟ್ಟುವಂಥ ಮಕ್ಕಳ ಸೀಟನ್ನು ಕೊಳ್ಳಬೇಕು.

ಏಳು ಸೀಟಿನ ಗಾಡಿ ನಿಮಗೆ ನಿಜಕ್ಕೂ ಬೇಕೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು, ಏಕೆಂದರೆ ಬಹಳ ಮಂದಿ ವರ್ಷಕ್ಕೆರಡು ಜಾತ್ರೆಗಾಗಿ ದೊಡ್ಡ ಗಾಡಿ ಕೊಂಡು ಉಳಿದ ದಿನವೆಲ್ಲ ಖಾಲಿ ಸೀಟುಗಳನ್ನು ಹೊತ್ತು ತಿರುಗುತ್ತಾರೆ. ಅಂಥವರಿಗೆ ನಾನು ವ್ಯಾಗನ್‌ಆರ್‌ನಂಥ ಎತ್ತರದ ಐದು ಸೀಟಿನ ಗಾಡಿಯನ್ನು ಕೊಂಡು, ಸವದತ್ತಿ ಗುಡ್ಡಕ್ಕೋ ಬಾದಾಮಿ ಬನಶಂಕರಿಗೋ ಹೋಗುವಾಗ ಬಾಡಿಗೆ ಗಾಡಿ ಮಾಡಿರಿ ಎನ್ನುತ್ತೇನೆ. ನಿಮ್ಮ ಲೆಕ್ಕ ಬೇರೆ. ಧಾರವಾಡದಿಂದ ಹುಬ್ಬಳ್ಳಿ, ಅಣ್ಣಿಗೇರಿ, ಗದಗ ದಾಟಿ ಮುಂಡರಗಿಗೆ ಹೋಗಿಬರಲು 200 ಕಿ.ಮೀ. ಮೀರುತ್ತದೆ. ಬಾಡಿಗೆ ಗಾಡಿಯವರು ಪರಊರಿನ ಪ್ರಯಾಣಕ್ಕೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಲೆಕ್ಕ ಹಿಡಿಯುತ್ತಾರೆ. ಕಿಲೋಮೀಟರಿಗೆ 15 ರೂಪಾಯಿ ಎಂದುಕೊಂಡರೂ ಒಂದು ಸಲಕ್ಕೆ 3,750 ರೂಪಾಯಿ, ಚಾಲಕನ ಭತ್ಯೆ ಬೇರೆ. ತಿಂಗಳಿಗೆ ಎರಡು ಸಲದಂತೆ ವರ್ಷಕ್ಕೆ 90 ಸಾವಿರ. ಆದ್ದರಿಂದ ನಿಮಗೆ ಮೂರು ಸಾಲಿನ ಗಾಡಿಯೇ ಸರಿ.

ಐದೂವರೆ ಲಕ್ಷದೊಳಗೆ ಮೂರು ಸಾಲಿನ ಹೊಸ ಗಾಡಿ ರಸ್ತೆಗೆ ಇಳಿಯುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರಿಗಿಂತ ಉದ್ದವಿಲ್ಲದ ಮತ್ತು 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ ಶೇ. 18ಕ್ಕೆ ಇಳಿದು ಹೊಸ ಗಾಡಿಗಳ ಬೆಲೆ ತಗ್ಗಿರುವುದು ನಿಜ, ಮಾವನವರ ಮಾತಿಗೆ ಆ ಮಟ್ಟಿಗೆ ಬಲವಿದೆ. ಆದರೆ ಷೋರೂಮಿನ ಬೆಲೆ ಬೇರೆ, ರಸ್ತೆಯ ಬೆಲೆ ಬೇರೆ. ಆರು ಲಕ್ಷದ ಗಾಡಿಗೆ ಕರ್ನಾಟಕದಲ್ಲಿ ಶೇ. 14ರಂತೆ ಆಜೀವ ತೆರಿಗೆ, ಅದರ ಮೇಲೆ ಸೆಸ್, ಎರಡೂ ಸೇರಿ 93 ಸಾವಿರದ ಆಸುಪಾಸು. ಅದಕ್ಕೆ ವಿಮೆ, ನೋಂದಣಿ ಸೇರಿದರೆ ಏಳು ಲಕ್ಷಕ್ಕೆ ಹೋಗಿ ಮುಟ್ಟುತ್ತದೆ. ನಿಮ್ಮ ಮಿತಿಯಲ್ಲಿ ಹೊಸತೇ ಬೇಕೆಂದರೆ ಮತ್ತೆ ಆಲ್ಟೊದಷ್ಟೇ ಗಾಡಿ ಬರುತ್ತದೆ, ನಿಮ್ಮ ತೊಂದರೆ ಇದ್ದಲ್ಲಿಯೇ ಇರುತ್ತದೆ. ವಿಮೆಯವರು ಗಾಡಿಯ ಮೌಲ್ಯ ಕಟ್ಟುವ ಲೆಕ್ಕವನ್ನೇ ನೋಡಿ: ಮೊದಲ ವರ್ಷ ತುಂಬುವುದರೊಳಗೆ ಶೇ. 15, ಎರಡನೆಯ ವರ್ಷಕ್ಕೆ 20, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 40, ಐದನೆಯದಕ್ಕೆ ಒಟ್ಟು 50 ಕಳೆಯುತ್ತಾರೆ. ನಾಲ್ಕೈದು ವರ್ಷದ ಗಾಡಿಯನ್ನು ಕೊಂಡರೆ ಈ ಇಳಿತದ ದೊಡ್ಡ ಪಾಲನ್ನು ಮೊದಲ ಮಾಲೀಕರೇ ತೆತ್ತಿರುತ್ತಾರೆ. ಹೊಸ ಗಾಡಿಯ ಬೆಲೆ ಇಳಿದದ್ದು ಚೌಕಾಶಿಗೂ ನೆರವಾಗುತ್ತದೆ: ಮಾರುವವರು ಹಳೆಯ ಷೋರೂಮು ಬೆಲೆಯನ್ನು ಹಿಡಿದು ಲೆಕ್ಕ ಹೇಳಿದರೆ, ಈಗಿನ ಬೆಲೆಯ ಚೀಟಿಯನ್ನು ಅವರ ಮುಂದಿಡಿ.

ಹಳೆಯ ಗಾಡಿಯೆಂದರೆ ಎಷ್ಟು ಹಳೆಯದು? ನನ್ನ ಗೆರೆ 2019ರ ಜುಲೈ. ಆ ತಿಂಗಳ ಒಂದನೆಯ ತಾರೀಖಿನಿಂದ ಚಾಲಕನ ಏರ್‌ಬ್ಯಾಗ್, ಬೆಲ್ಟು ಹಾಕದಿದ್ದರೆ ಕೂಗುವ ಎಚ್ಚರಿಕೆ, ವೇಗದ ಎಚ್ಚರಿಕೆ, ಹಿಂದೆ ತೆಗೆಯುವಾಗಿನ ಸೆನ್ಸರ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದವು. ಜೋರಾಗಿ ಬ್ರೇಕು ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಅದೇ ವರ್ಷದ ಏಪ್ರಿಲ್‌ನಿಂದಲೇ ಕಡ್ಡಾಯವಾಗಿತ್ತು. ಮುಂದಿನ ಎಡಸೀಟಿನ ಏರ್‌ಬ್ಯಾಗ್, ಎಂದರೆ ನಿಮ್ಮ ಅವ್ವ ಕೂರುವ ಜಾಗದ್ದು, ಎಲ್ಲ ಗಾಡಿಗಳಿಗೂ ಕಡ್ಡಾಯವಾದದ್ದು 2021ರ ಕೊನೆಗೆ. ಅದಕ್ಕಿಂತ ಮುಂಚಿನ ಗಾಡಿಯಾದರೆ ಆ ಕಡೆಯ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗಿನ ಗುರುತು ಇದೆಯೇ ಎಂದು ನೋಡಿಕೊಳ್ಳಬೇಕು. ಇನ್ನೊಂದು ಗೆರೆ 2020ರ ಏಪ್ರಿಲ್, ಗಾಡಿಯ ಹೊಗೆಗೆ ಬಿಗಿಯಾದ ಮಿತಿ ಹಾಕುವ ಬಿಎಸ್6 ನಿಯಮ ಬಂದದ್ದು ಅಂದು.

ಈ ಗೆರೆಗಳೊಳಗೆ, ನಿಮ್ಮ ಹಣದೊಳಗೆ ಮೊದಲು ಹುಡುಕಬೇಕಾದದ್ದು 2020 ಅಥವಾ 2021ರ ರೆನೊ ಟ್ರೈಬರ್. ನಾಲ್ಕು ಮೀಟರಿಗಿಂತ ತುಸು ಚಿಕ್ಕದಾದ ಗಾಡಿಯಲ್ಲಿ ಮೂರು ಸಾಲು ಕೂರಿಸಿದ್ದಾರೆ. ಧಾರವಾಡದ ಓಣಿಯಲ್ಲಿ ತಿರುಗಿಸಲು ಸುಲಭ, ಸೀಟಿನ ಎತ್ತರ ಹಿರಿಯರಿಗೆ ಒಗ್ಗುತ್ತದೆ, ಗಾಡಿಯನ್ನು ಗುದ್ದಿಸಿ ಸುರಕ್ಷತೆ ಅಳೆಯುವ 2021ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ನಕ್ಷತ್ರ, ಮಕ್ಕಳ ರಕ್ಷಣೆಗೆ ಮೂರು ನಕ್ಷತ್ರ ಬಂದಿವೆ. ಅದರ ಕೊರತೆಯನ್ನೂ ಮುಚ್ಚಿಡುವುದಿಲ್ಲ. 999 ಸಿಸಿಯ ಮೂರು ಸಿಲಿಂಡರಿನ ಇಂಜಿನ್ನು, ಶಕ್ತಿ 72 ಪಿಎಸ್. ಗದಗ ರಸ್ತೆ ಸಮತಟ್ಟಾದ ಎರಿ ಸೀಮೆಯ ರಸ್ತೆ, ಅಲ್ಲಿ ಅದು ಸಾಕು. ಆರು ಮಂದಿಯನ್ನು ಕೂರಿಸಿ, ಎಸಿ ಹಾಕಿಕೊಂಡು, ಯಲ್ಲಾಪುರದ ಆಚೆಯ ಅರಬೈಲು ಘಟ್ಟವನ್ನು ಏರಿ ಬರುವಾಗ ಮಾತ್ರ ಎರಡನೆಯ ಗೇರಿಗೆ ಇಳಿದು, ತಾಳ್ಮೆಯಿಂದ ಬರಬೇಕಾಗುತ್ತದೆ. ಲಾರಿಯನ್ನು ಹಿಂದೆ ಹಾಕುವ ಮುನ್ನ ಎರಡು ಸಲ ಯೋಚಿಸಬೇಕು. ಎರಡನೆಯ ಕೊರತೆ ಸಾಮಾನು ಇಡುವ ಡಿಕ್ಕಿಯದು. ಮೂರೂ ಸಾಲು ಹಾಕಿದಾಗ ಉಳಿಯುವುದು 84 ಲೀಟರ್ ಜಾಗ, ಎಂದರೆ ಊರಿಂದ ತರುವ ಜೋಳದ ಚೀಲವೊಂದೂ ಹಿಡಿಯುವುದಿಲ್ಲ. ಮೂರನೆಯ ಸಾಲನ್ನು ಪೂರ್ತಿ ಕಳಚಿ ಮನೆಯಲ್ಲಿಟ್ಟರೆ ಅದೇ ಜಾಗ 625 ಲೀಟರ್ ಆಗುತ್ತದೆ. ಆಗ ಚೀಲವಷ್ಟೇ ಏಕೆ, ಬಿಡಿಸಿ ಕಟ್ಟಿದ ಕಲಘಟಗಿಯ ತೊಟ್ಟಿಲನ್ನೂ ತರಬಹುದು. ಹಿಂದಿನ ಎರಡು ಸೀಟುಗಳು ಬೇರೆ ಬೇರೆಯಾಗಿರುವುದರಿಂದ ಒಂದನ್ನು ಕಳಚಿ, ಒಂದನ್ನು ಉಳಿಸಿಕೊಳ್ಳಲೂ ಬರುತ್ತದೆ. ಆರು ಮಂದಿಯ ನಿಮಗೆ ಬಹುಪಾಲು ಈ ಆರು ಸೀಟಿನ ಜೋಡಣೆಯೇ ಸರಿಹೋದೀತು: ಅಪ್ಪ ನಡುವಿನ ಸಾಲಿನಲ್ಲಿ ಇಕ್ಕಟ್ಟಾಗಿ ಕೂರಲು ಒಪ್ಪಿದರೆ ಮಗಳು ಹಿಂದೆ, ಒಪ್ಪದಿದ್ದರೆ ಅಪ್ಪನೇ ಹಿಂದೆ. ನಡುವಿನ ಸಾಲಿನ ನಡುಸೀಟಿಗೆ ಸೊಂಟದ ಬೆಲ್ಟು ಮಾತ್ರ ಇದ್ದರೆ ಅಲ್ಲಿ ಮಗಳನ್ನು ಕೂರಿಸಬೇಡಿ. ಕೊಳ್ಳುವ ಗಾಡಿಯ ಜೊತೆ ಮೂರನೆಯ ಸಾಲಿನ ಎರಡೂ ಸೀಟು ಇವೆಯೇ ಎಂದು ಮರೆಯದೆ ಕೇಳಿ. ಕಳಚಿ ಅಟ್ಟದ ಮೇಲಿಟ್ಟು ಮರೆತುಹೋದ ಮಾಲೀಕರನ್ನು ನೋಡಿದ್ದೇನೆ.

ಎರ್ಟಿಗಾ ಟ್ರೈಬರ್‌ಗಿಂತ ಉತ್ತಮ ಗಾಡಿ, ಅದರಲ್ಲಿ ನನಗೆ ಅನುಮಾನವಿಲ್ಲ. ಇಂಜಿನ್ನಿಗೆ ಕಸುವಿದೆ, ಮೂರನೆಯ ಸಾಲಿನಲ್ಲಿ ದೊಡ್ಡವರು ಗದಗದವರೆಗೆ ಆರಾಮವಾಗಿ ಕೂರಬಹುದು, ಯಾವ ತಾಲ್ಲೂಕಿನ ಗ್ಯಾರೇಜಿನಲ್ಲೂ ಕೈಹಾಕುವ ಮಿಸ್ತ್ರಿ ಸಿಗುತ್ತಾನೆ. ತೊಡಕೆಂದರೆ 2018ರ ನವೆಂಬರ್‌ನಲ್ಲಿ ಬಂದ ಎರಡನೆಯ ಪೀಳಿಗೆಯ ಎರ್ಟಿಗಾ ನಿಮ್ಮ ಹಣಕ್ಕೆ ಎಟುಕುವುದು ಕಷ್ಟ, ಎಟುಕುವಷ್ಟು ಅಗ್ಗವಾಗಿ ಸಿಕ್ಕರೆ ಸಂತೋಷಪಡುವ ಮೊದಲು ಅನುಮಾನಪಡಿ. ಇದು ಬಾಡಿಗೆಗೆ ಬಹಳ ಓಡುವ ಗಾಡಿ. ಹಳದಿ ಬೋರ್ಡಿನಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿ, ಆಮೇಲೆ ಬಿಳಿ ಬೋರ್ಡಿಗೆ ಬದಲಾದವು ಮಾರುಕಟ್ಟೆಯಲ್ಲಿ ಇರುತ್ತವೆ. ಆರ್‌ಸಿಯ ಹಿಂದಿನ ಚರಿತ್ರೆಯನ್ನು ಆರ್‌ಟಿಒ ದಾಖಲೆಯಲ್ಲಿ ತೆಗೆಸಿ ನೋಡದೆ ಎರ್ಟಿಗಾಕ್ಕೆ ಮುಂಗಡ ಕೊಡಬಾರದು. 2012ರಿಂದ 2018ರವರೆಗಿನ ಮೊದಲ ಪೀಳಿಗೆ ನಿಮ್ಮ ಹಣದಲ್ಲಿ ಬರುತ್ತದೆ, ಆದರೆ ನಾನು ಹೇಳಿದ 2019ರ ಗೆರೆಯ ಆಚೆ ಉಳಿಯುತ್ತದೆ. ಕೆಳದರ್ಜೆಯ ಮಾದರಿಗಳಲ್ಲಿ ಏರ್‌ಬ್ಯಾಗ್ ಇಲ್ಲದವೂ ಇವೆ. ಟ್ರೈಬರ್ ಮನಸ್ಸಿಗೆ ಹಿಡಿಸದಿದ್ದರೆ, ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಇರುವ, 2017ರ ಈಚಿನ, ಮನೆಬಳಕೆಯ ಪೆಟ್ರೋಲ್ ಎರ್ಟಿಗಾ ಎರಡನೆಯ ಆಯ್ಕೆಯಾಗಿರಲಿ.

ಗೆಳೆಯರ ಡೀಸೆಲ್ ಮಾತಿಗೆ ಬರೋಣ. ನೀವು ದಿನಾಲೂ ಚಿಗರಿ ಬಸ್ಸಿನಲ್ಲಿ ಹೋಗುವುದರಿಂದ ನಿಮ್ಮ ಗಾಡಿ ಊರಿನೊಳಗಿನ ಓಡಾಟವೂ ಸೇರಿ ತಿಂಗಳಿಗೆ 700 ಕಿ.ಮೀ. ಓಡಬಹುದು. ಪೆಟ್ರೋಲು 103 ರೂಪಾಯಿ, ಆವರೇಜು 15; ಡೀಸೆಲ್ಲು 91 ರೂಪಾಯಿ, ಆವರೇಜು 18 ಎಂದು ಹಿಡಿದರೆ ತಿಂಗಳಿಗೆ ಕ್ರಮವಾಗಿ 4,800 ಮತ್ತು 3,540 ರೂಪಾಯಿ. ವರ್ಷಕ್ಕೆ 15 ಸಾವಿರ ಉಳಿತಾಯ, ಅದೇನು ಸಣ್ಣದಲ್ಲ. ಆದರೆ ಮಾರುತಿಯವರು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನೇ ನಿಲ್ಲಿಸಿದ್ದಾರೆ. ನಿಮ್ಮ ಹಣಕ್ಕೆ ಸಿಗುವ ಡೀಸೆಲ್ ಎರ್ಟಿಗಾ ಒಂದು ದಶಕದ ಹತ್ತಿರ ಬಂದಿರುತ್ತದೆ, ಟರ್ಬೊ, ಇಂಜೆಕ್ಟರು, ಕ್ಲಚ್ಚು ಇವುಗಳಲ್ಲಿ ಒಂದು ಕೈಕೊಟ್ಟರೂ ವರ್ಷದ ಉಳಿತಾಯ ಒಂದೇ ದಿನ ಗ್ಯಾರೇಜಿಗೆ ಹೋಗುತ್ತದೆ. ಹದಿನೈದು ವರ್ಷಕ್ಕೆ ಆರ್‌ಸಿ ನವೀಕರಿಸುವ ಹೊತ್ತೂ ಬೇಗ ಬರುತ್ತದೆ. ಬೇರೆ ಕಂಪನಿಗಳ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಜಾಲರಿಯೊಂದಿದೆ. ಹೆದ್ದಾರಿಯಲ್ಲಿ ಓಡಿ ಕಾಯದೆ, ಊರೊಳಗೆ ಎರಡೆರಡು ಕಿಲೋಮೀಟರ್ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ. ತಿಂಗಳಿಗೆ 1,500 ಕಿ.ಮೀ. ದಾಟದವರಿಗೆ ಹಳೆಯ ಡೀಸೆಲ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬೊಲೆರೊ ನಮ್ಮ ಹಳ್ಳಿಗಳಲ್ಲಿ ಗೌರವದ ಗಾಡಿ, ಕೆಟ್ಟ ರಸ್ತೆಗೆ ಅದರಷ್ಟು ಗಟ್ಟಿ ಬೇರೆಯಿಲ್ಲ. ಆದರೆ ಹಿಂದಿನ ಸೀಟುಗಳು ಪಕ್ಕಕ್ಕೆ ಮುಖಮಾಡಿರುತ್ತವೆ, ಅಲ್ಲಿ ಮಕ್ಕಳನ್ನು ಕೂರಿಸುವುದು ಸರಿಯಲ್ಲ, ಅವ್ವನಿಗೆ ಹತ್ತಲೂ ಆಗದು. ಇಕೋ ಅಗ್ಗ, ಸರಿಯುವ ಬಾಗಿಲು ಅನುಕೂಲ, ಆದರೆ ಏಳು ಸೀಟಿನ ಹಳೆಯ ಇಕೋದಲ್ಲಿ ಎಸಿ ಇಲ್ಲ, ಏಪ್ರಿಲ್ ಬಿಸಿಲಿನಲ್ಲಿ ನಾಲ್ಕು ತಿಂಗಳ ಕೂಸನ್ನು ಮುಂಡರಗಿಗೆ ಒಯ್ಯುವ ಗಾಡಿ ಅದಲ್ಲ. ಷೆವ್ರೊಲೆ ಎಂಜಾಯ್, ಹೋಂಡಾ ಮೊಬಿಲಿಯೊ, ಡಟ್ಸನ್ ಗೋ ಪ್ಲಸ್ ಕಡಿಮೆ ಬೆಲೆಗೆ ಕಣ್ಣಿಗೆ ಬೀಳುತ್ತವೆ. ಷೆವ್ರೊಲೆ 2017ರಲ್ಲಿ, ಡಟ್ಸನ್ 2022ರಲ್ಲಿ ಇಲ್ಲಿನ ವ್ಯಾಪಾರ ಮುಚ್ಚಿವೆ, ಮೊಬಿಲಿಯೊ ಕೂಡ 2017ರಲ್ಲೇ ನಿಂತಿತು. ಒಂದು ಹೆಡ್‌ಲೈಟು ಒಡೆದರೆ ವಾರಗಟ್ಟಲೆ ಕಾಯಬೇಕಾದ ಗಾಡಿ ಒಂದೇ ಗಾಡಿಯ ಮನೆಗೆ ತಕ್ಕದ್ದಲ್ಲ. ಸಿಎನ್‌ಜಿಯ ಸಿಲಿಂಡರು ಡಿಕ್ಕಿಯನ್ನು ನುಂಗುತ್ತದೆ, ಮೂರು ವರ್ಷಕ್ಕೊಮ್ಮೆ ಅದರ ಒತ್ತಡ ಪರೀಕ್ಷೆಯೂ ಆಗಬೇಕು. ನಿಮ್ಮ ಓಟಕ್ಕೆ ಅಗತ್ಯವಿಲ್ಲ.

ಹಣದ ವಿಷಯ. ಐದೂವರೆ ಲಕ್ಷ ನಿಮ್ಮ ಮಿತಿಯಾದರೆ ಗಾಡಿಯ ಬೆಲೆ ನಾಲ್ಕು ಲಕ್ಷದ 75 ಸಾವಿರ ಮೀರಬಾರದು. ಉಳಿದ 75 ಸಾವಿರದಲ್ಲಿ ಹೆಸರು ವರ್ಗಾವಣೆ ಮತ್ತು ವಿಮೆ, ಪೂರ್ತಿ ಸರ್ವಿಸು, ಬೇಕಾದರೆ ನಾಲ್ಕು ಟೈರು ಮತ್ತು ಬ್ಯಾಟರಿ, ಕೂಸಿನ ಸೀಟು ಇವೆಲ್ಲ ಬರಬೇಕು. ಹಳೆಯ ಗಾಡಿ ಕೊಂಡವರು ಸೋಲುವುದು ಮೊದಲ ಆರು ತಿಂಗಳಲ್ಲಿ, ಅದೂ ಗಾಡಿ ಕೆಟ್ಟದ್ದಕ್ಕಿಂತ ಕೈಯಲ್ಲಿ ಹಣವಿಲ್ಲದ್ದಕ್ಕೆ. ವಿಮೆಯಲ್ಲಿ ಟ್ರೈಬರ್‌ಗೆ ಒಂದು ಸಣ್ಣ ಲಾಭವಿದೆ: 2022ರಲ್ಲಿ ನಿಗದಿಯಾದ ದರದಂತೆ 1,000 ಸಿಸಿಯೊಳಗಿನ ಕಾರಿನ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 2,094 ರೂಪಾಯಿ, ಅದಕ್ಕೂ ಮೇಲೆ 1,500 ಸಿಸಿವರೆಗಿನದಕ್ಕೆ 3,416. ಸಾಲದ ಬಗ್ಗೆ ಒಂದೇ ಎಚ್ಚರಿಕೆ. ಮೂರೂವರೆ ಲಕ್ಷಕ್ಕೆ ನಾಲ್ಕು ವರ್ಷ ‘ಶೇ. 12’ ಎಂದು ಇಬ್ಬರು ಹೇಳಿದರೂ ಇಬ್ಬರ ಕಂತು ಒಂದೇ ಆಗಿರುವುದಿಲ್ಲ. ಉಳಿದ ಅಸಲಿನ ಮೇಲೆ ಬಡ್ಡಿ ಹಾಕುವ ಬ್ಯಾಂಕಿನಲ್ಲಿ ತಿಂಗಳ ಕಂತು 9,217 ರೂಪಾಯಿ. ಇಡೀ ಅಸಲಿನ ಮೇಲೆ ನಾಲ್ಕೂ ವರ್ಷ ಬಡ್ಡಿ ಹಾಕುವ ‘ಫ್ಲಾಟ್’ ಲೆಕ್ಕದಲ್ಲಿ 10,792 ರೂಪಾಯಿ. ವ್ಯತ್ಯಾಸ ಒಟ್ಟು 75 ಸಾವಿರ. ನಾನು ಈಗಷ್ಟೇ ತೆಗೆದಿಡಿ ಎಂದ ಮೊತ್ತ ಪೂರ್ತಿ ಅಲ್ಲಿಯೇ ಹೋಗುತ್ತದೆ. ಬಡ್ಡಿಯ ದರ ಕೇಳಬೇಡಿ, ಕಂತು ಎಷ್ಟು, ಎಷ್ಟು ತಿಂಗಳು ಎಂದು ಕೇಳಿ ಗುಣಿಸಿ ನೋಡಿ.

ಗಾಡಿ ಪರೀಕ್ಷಿಸುವುದರಲ್ಲಿ ನನ್ನದೇ ಒಂದು ಸೋಲನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ತಮ್ಮನಿಗಾಗಿ ಗಾಡಿ ನೋಡಲು ಹೋದಾಗ ಸಂಜೆಯಾಗಿತ್ತು, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಣ್ಣ ಫಳಫಳಿಸುತ್ತಿತ್ತು, ಮೀಟರು 48 ಸಾವಿರ ತೋರಿಸುತ್ತಿತ್ತು. ನಾನು ಇಂಜಿನ್ನಿನ ಸದ್ದು ಕೇಳಿ ತಲೆದೂಗಿದೆ. ಮನೆಗೆ ತಂದ ಮಾರನೆಯ ಬೆಳಿಗ್ಗೆ ಬಿಸಿಲಿನಲ್ಲಿ ಬಾಗಿಲು ತೆರೆದಾಗ ಬ್ರೇಕ್ ಪೆಡಲಿನ ರಬ್ಬರು ಕಣ್ಣಿಗೆ ಬಿತ್ತು: ಬಲಮೂಲೆ ಪೂರ್ತಿ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. 48 ಸಾವಿರಕ್ಕೆ ಪೆಡಲು ಹಾಗೆ ಸವೆಯುವುದಿಲ್ಲ. ಆಮೇಲೆ ಸರ್ವಿಸ್ ದಾಖಲೆ ತೆಗೆಸಿದರೆ, ಎರಡು ವರ್ಷ ಮುಂಚೆಯೇ ಅದು ಲಕ್ಷ ದಾಟಿತ್ತು. ಅಂದಿನಿಂದ ನಾನು ಸಂಜೆಯ ಹೊತ್ತು ಗಾಡಿ ನೋಡುವುದಿಲ್ಲ, ಮೀಟರನ್ನು ಕೊನೆಗೆ ನೋಡುತ್ತೇನೆ. ಪೆಡಲಿನ ರಬ್ಬರು, ಸ್ಟಿಯರಿಂಗಿನ ಮೇಲ್ಭಾಗದ ನುಣುಪು, ಚಾಲಕನ ಸೀಟಿನ ಬಲಅಂಚು ಇವುಗಳು ಮೀಟರಿಗಿಂತ ಸತ್ಯ ಹೇಳುತ್ತವೆ.

ಮುಂಜಾನೆ, ಇಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಚಾಲೂ ಮಾಡಿ ಕಾಯಿಸಿಟ್ಟಿದ್ದರೆ ಬೋನೆಟ್ ಮುಟ್ಟಿದಾಗ ಗೊತ್ತಾಗುತ್ತದೆ. ಬೋನೆಟ್ ಮತ್ತು ಮುಂದಿನ ಮಡ್‌ಗಾರ್ಡಿನ ಬೋಲ್ಟುಗಳ ತಲೆಯ ಮೇಲಿನ ಬಣ್ಣ ಕಿತ್ತಿದ್ದರೆ ಅವನ್ನು ಒಮ್ಮೆ ಬಿಚ್ಚಿದ್ದಾರೆ ಎಂದರ್ಥ, ಏಕೆ ಬಿಚ್ಚಿದರು ಎಂದು ಕೇಳಿ. ಎಲ್ಲ ಗಾಜುಗಳ ಮೂಲೆಯಲ್ಲೂ ತಯಾರಿಕೆಯ ಗುರುತು ಇರುತ್ತದೆ, ಒಂದು ಮಾತ್ರ ಬೇರೆ ವರ್ಷದ್ದಾದರೆ ಆ ಕಡೆ ಪೆಟ್ಟು ಬಿದ್ದಿರಬಹುದು. ಟೈರಿನ ಮೇಲಿನ ನಾಲ್ಕು ಅಂಕಿ ವಾರವನ್ನೂ ವರ್ಷವನ್ನೂ ಹೇಳುತ್ತದೆ: 2321 ಎಂದರೆ 2021ರ 23ನೆಯ ವಾರ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಊರುಗಳಿಗೆ ನೀರು ನುಗ್ಗಿದ್ದನ್ನು ನೀವೂ ಕಂಡಿರಬಹುದು. ಅಂಥ ನೆರೆಯಲ್ಲಿ ಮುಳುಗಿ, ತೊಳೆದು, ಮಾರಾಟಕ್ಕೆ ಬಂದ ಗಾಡಿಯನ್ನು ಗುರುತಿಸಲು ಸೀಟು ಸರಿಯುವ ಕಂಬಿಯ ತಳ, ಸ್ಟೆಪ್ನಿ ಇಡುವ ಗುಂಡಿ ಮತ್ತು ಬೆಲ್ಟಿನ ಕೊನೆಯನ್ನು ನೋಡಬೇಕು. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಕೊನೆಯ ಒಂದು ಗೇಣಿನಲ್ಲಿ ಮಣ್ಣಿನ ಕಲೆ ಉಳಿದಿರುತ್ತದೆ. ಅಲ್ಲಿಯವರೆಗೆ ತೊಳೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆಮೇಲೆ ಗಾಡಿಯನ್ನು ನಿಮ್ಮ ಪರಿಚಯದ ಮಿಸ್ತ್ರಿಗೆ ತೋರಿಸಿ, ಅವರ ಕೂಲಿ ಕೊಡಿ. ಮಾರುವವರ ಮಿಸ್ತ್ರಿಯ ಮಾತು ಲೆಕ್ಕಕ್ಕಿಲ್ಲ.

ಕಾಗದಪತ್ರಗಳಲ್ಲಿ ಗೋವಾ ಅಥವಾ ಮಹಾರಾಷ್ಟ್ರ ನೋಂದಣಿಯ ಗಾಡಿಯ ಅಗ್ಗದ ಬೆಲೆಗೆ ಮರುಳಾಗಬೇಡಿ. ಆ ರಾಜ್ಯದ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ಇಲ್ಲಿ ಮತ್ತೆ ನೋಂದಣಿ ಮಾಡಿಸಿ, ಕರ್ನಾಟಕದ ಆಜೀವ ತೆರಿಗೆ ಕಟ್ಟಿದ ಮೇಲೆ ಆ ಅಗ್ಗ ಉಳಿದಿರುವುದಿಲ್ಲ. ಕೆಎ-25, 26, 27 ಅಥವಾ 63ರ, ಎಂದರೆ ಧಾರವಾಡ, ಗದಗ, ಹಾವೇರಿ, ಹುಬ್ಬಳ್ಳಿಯ ಗಾಡಿಯಾದರೆ ಹಳೆಯ ಮಾಲೀಕರನ್ನು ಹುಡುಕಿ ಮಾತಾಡಿಸುವುದೂ ಸಾಧ್ಯ. ಆರ್‌ಸಿಯ ಮೇಲೆ ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಬಾಕಿ ಚಲನ್‌ಗಳನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಿ.

ಇನ್ನು ನಿಮ್ಮ ಆಲ್ಟೊ. ಅದರ ಆರ್‌ಸಿ ಅವಧಿ 2028ರವರೆಗೆ ಇರುವುದರಿಂದ ಈಗಲೇ ಮಾರುವುದು ಒಳ್ಳೆಯದು; ಅವಧಿ ಮುಗಿಯಲು ಬಂದ ಗಾಡಿಗೆ ಬೆಲೆ ಇನ್ನೂ ಬೀಳುತ್ತದೆ. ಬಂದ ಹಣವನ್ನು ಸಾಲದಿಂದ ಕಳೆಯಿರಿ. ನಿಮ್ಮ ಓಣಿಯಲ್ಲಿ ಗಾಡಿ ಕಲಿಯುವ ಯಾರಾದರೂ ಇದ್ದರೆ ವಿನಿಮಯದ ಬೆಲೆಗಿಂತ ಹೆಚ್ಚು ಸಿಗುತ್ತದೆ. ವಿಮೆಯಲ್ಲಿ ನೀವು ಗಳಿಸಿದ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಿಮ್ಮದು. ಮಾರುವಾಗ ವಿಮಾ ಕಂಪನಿಯಿಂದ ಅದರ ಪತ್ರ ಪಡೆದು ಮುಂದಿನ ಗಾಡಿಯ ಕಂತಿನಲ್ಲಿ ಕಳೆಸಿಕೊಳ್ಳಬಹುದು. ಫಾಸ್ಟ್ಯಾಗ್ ಮುಚ್ಚಿಸಿ. ಹೆಸರು ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿ ಕೊಟ್ಟ ಮಾತ್ರಕ್ಕೆ ನಿಮ್ಮ ಹೊಣೆ ಮುಗಿಯುವುದಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಕೊಂಡವರ ಜೊತೆ ನೀವೇ ಆರ್‌ಟಿಒಗೆ ಅರ್ಜಿ ಸಲ್ಲಿಸಿ, ಹತ್ತು ಹದಿನೈದು ದಿನ ಬಿಟ್ಟು ಪರಿವಾಹನ್ ತಾಣದಲ್ಲಿ ಹೆಸರು ಬದಲಾಗಿದೆಯೇ ಎಂದು ನೋಡಿ, ಬದಲಾದ ದಾಖಲೆಯ ಒಂದು ಪ್ರತಿಯನ್ನು ಹೊಸ ಗಾಡಿಯ ಕಾಗದಗಳ ಜೊತೆಗೇ ಇಟ್ಟುಕೊಳ್ಳಿ.